ಹೊರೆ ಹೊತ್ತು ಓದುವ ವಿದ್ಯಾರ್ಥಿಗಳು

ಮುಂಬಯಿಯ ಕನ್ನಡಿಗರಿಗೆ ರಾತ್ರಿಶಾಲೆಯ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ತುಳುನಾಡಿನಿಂದಲೂ ಉತ್ತರ ಕನ್ನಡದಿಂದಲೂ ಹೊಟ್ಟೆಪಾಡಿಗಾಗಿ ಈ ಮಹಾನಗರಕ್ಕೆ ಬಂದ ಎಷ್ಟೋ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಕ್ಯಾಂಟೀನಿನಲ್ಲಿ ಚಹಾ ಹಂಚಿ, ಸಂಜೆಯಾದೊಡನೆ ಕೈ ಒರೆಸಿಕೊಂಡು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತರು. ಅವರಲ್ಲಿ ಹಲವರು ಮುಂದೆ ವಕೀಲರಾದರು, ಕಚೇರಿಗಳ ಅಧಿಕಾರಿಗಳಾದರು, ಸ್ವಂತ ಉದ್ಯಮ ಕಟ್ಟಿದರು. ಅವರು ಬರೆದ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಗಲು ಶಾಲೆಯವರದೇ; ತೇರ್ಗಡೆಯ ಅಂಕವೂ ಅದೇ. ಬದಲಾಗಿದ್ದುದು ಪಾಠದ ವೇಳೆ ಮಾತ್ರ. ಹಗಲು ದುಡಿಯುವ ಹುಡುಗನಿಗೆ 'ಹಗಲಿನಲ್ಲಿಯೇ ಬಾ' ಎನ್ನುವುದು ಬಾಗಿಲು ಮುಚ್ಚಿದಂತೆಯೇ ಸರಿ ಎಂಬ ಅರಿವು ಆ ಶಾಲೆಗಳನ್ನು ಕಟ್ಟಿದ ಹಿರಿಯರಿಗೆ ಇತ್ತು.

ಇಂದು ವಿಶ್ವವಿದ್ಯಾಲಯಗಳಲ್ಲಿ ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ದೊರೆಯುವ ವ್ಯಾಸಂಗದ ಅನುಕೂಲಗಳ ತಿರುಳೂ ಇದೇ ಆಗಿರುತ್ತದೆ. ಅವು ಅಂಕಗಳಲ್ಲಿ ಕೊಡುವ ರಿಯಾಯಿತಿಯಲ್ಲ. ಸಾಲಗಾರನೊಬ್ಬನಿಗೆ ಅಡಚಣೆ ಬಂದಾಗ ಬ್ಯಾಂಕು ಕಂತಿನ ದಿನಾಂಕವನ್ನು ಮುಂದೂಡುವುದುಂಟು. ಆದರೆ ಅಸಲಿನಲ್ಲಿ ಒಂದು ರೂಪಾಯಿಯೂ ಮನ್ನಾ ಆಗುವುದಿಲ್ಲ. ಹಾಗೆಯೇ ಇಲ್ಲಿ ವಿದ್ಯಾರ್ಥಿಯು ಕಲಿಯಬೇಕಾದ ವಿಷಯ ಕಡಿಮೆಯಾಗುವುದಿಲ್ಲ. ಕಲಿಯುವ ಮತ್ತು ಕಲಿತದ್ದನ್ನು ತೋರಿಸುವ ಬಗೆ ಮಾತ್ರ ಬದಲಾಗುತ್ತದೆ. ಈ ಭೇದ ತಿಳಿಯದುದರಿಂದಲೇ ಅನೇಕ ತಂದೆತಾಯಂದಿರು ಮಕ್ಕಳಿಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಕೇಳಲು ಸಂಕೋಚಪಡುತ್ತಾರೆ.

ಎರಡು ಬಗೆಯ ಹೊರೆ

ಹೊರೆ ಹೊತ್ತು ಓದುವ ವಿದ್ಯಾರ್ಥಿಗಳು ಎರಡು ಬಗೆಯವರು. ದೃಷ್ಟಿ, ಶ್ರವಣ, ಕೈಕಾಲು, ಮನಸ್ಸು ಅಥವಾ ಕಲಿಕೆಯ ತೊಂದರೆಯೊಡನೆ ಓದುವವರು ಮೊದಲನೆಯವರು. ತಾವು ಆರೋಗ್ಯವಾಗಿದ್ದರೂ ಮನೆಯಲ್ಲಿ ಕಾಯಿಲೆ ಬಿದ್ದ ತಾಯಿ, ಪಾರ್ಶ್ವವಾಯುವಿಗೆ ತುತ್ತಾದ ತಂದೆ, ಮರೆವಿನ ರೋಗದ ಅಜ್ಜಿ ಅಥವಾ ಎಳೆಯ ಕೂಸು, ಇವರ ಆರೈಕೆಯ ಭಾರ ಹೊತ್ತವರು ಎರಡನೆಯವರು. ಮೊದಲನೆಯವರಿಗೆ ಇಂದು ಕಾನೂನಿನ ಬಲವಿದೆ. ಎರಡನೆಯವರಿಗೆ, ಕೆಲವು ವಿಷಯಗಳನ್ನು ಬಿಟ್ಟರೆ, ಪ್ರಾಂಶುಪಾಲರ ಸಹಾನುಭೂತಿಯೇ ಆಧಾರ. ಊರಿನಲ್ಲಾದರೆ ಚಿಕ್ಕಮ್ಮನೋ ಅತ್ತೆಯೋ ಬಂದು ನಾಲ್ಕು ದಿನ ನಿಲ್ಲುತ್ತಿದ್ದರು. ಎರಡು ಕೋಣೆಯ ಮನೆಯಲ್ಲಿ, ಬಂಧುಗಳಿಂದ ದೂರವಾಗಿ ಬದುಕುವ ವಲಸಿಗ ಕುಟುಂಬದಲ್ಲಿ ಆ ಭಾರ ನೇರವಾಗಿ ಮಕ್ಕಳ, ಅದರಲ್ಲಿಯೂ ಹಿರಿಯ ಮಗಳ, ಹೆಗಲಿಗೆ ಬೀಳುತ್ತದೆ.

ಕಾನೂನಿನ ಆಧಾರ

ಅಂಗವೈಕಲ್ಯವುಳ್ಳವರ ಬಗ್ಗೆ 1995ರಲ್ಲಿ ಆದ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಪ್ಪತ್ತೊಂದು ಬಗೆಗಳನ್ನು ಒಪ್ಪಿಕೊಂಡಿದೆ. ಅಂಧತ್ವ, ಮಂದದೃಷ್ಟಿ, ಕಿವುಡುತನಗಳ ಜೊತೆಗೆ ಕಲಿಕೆಯ ನಿರ್ದಿಷ್ಟ ನ್ಯೂನತೆ, ಆಟಿಸಂ, ಮಾನಸಿಕ ಅಸ್ವಾಸ್ಥ್ಯ, ಥಲಸ್ಸೇಮಿಯಾ, ಹೀಮೋಫಿಲಿಯಾ, ಮಲ್ಟಿಪಲ್ ಸ್ಕ್ಲೆರೋಸಿಸ್ ಮೊದಲಾದವೂ ಆ ಪಟ್ಟಿಯಲ್ಲಿ ಸೇರಿವೆ. ಹೊರನೋಟಕ್ಕೆ ಕಾಣದ ತೊಂದರೆಯೂ ತೊಂದರೆಯೇ ಎಂಬುದನ್ನು ಕಾನೂನು ಇದರಿಂದ ಮಾನ್ಯ ಮಾಡಿದಂತಾಯಿತು.

ವಿದ್ಯಾರ್ಥಿಗಳ ದೃಷ್ಟಿಯಿಂದ ಈ ಕಾಯಿದೆಯ ಮೂರು ಅಂಶಗಳು ಮುಖ್ಯವಾದವು. ಮೊದಲನೆಯದು, ಪಠ್ಯಕ್ರಮ ಮತ್ತು ಪರೀಕ್ಷಾ ಪದ್ಧತಿಯಲ್ಲಿ ತಕ್ಕ ಮಾರ್ಪಾಡು: ಹೆಚ್ಚಿನ ಸಮಯ, ಉತ್ತರ ಬರೆದುಕೊಡುವ ಸಹಾಯಕ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವನ್ನು 17ನೆಯ ಕಲಮು ಸ್ಪಷ್ಟವಾಗಿ ಹೆಸರಿಸಿದೆ. ಎರಡನೆಯದು, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಸರಕಾರಿ ಮತ್ತು ಸರಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿಡಬೇಕು. ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆ ಇದೆ. ಮೂರನೆಯದು ಹೊರನಾಡಿಗರು ಅವಶ್ಯವಾಗಿ ತಿಳಿದಿರಬೇಕಾದುದು. ಈ ಕಾಯಿದೆಯ ಮೇರೆಗೆ ಕೊಟ್ಟ ವೈಕಲ್ಯದ ಪ್ರಮಾಣಪತ್ರ ದೇಶದಾದ್ಯಂತ ಮಾನ್ಯ. ಉಡುಪಿಯಲ್ಲಿಯೋ ಧಾರವಾಡದಲ್ಲಿಯೋ ಪಡೆದ ಪತ್ರವನ್ನು 'ಇದು ಕರ್ನಾಟಕದ್ದು' ಎಂದು ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ತಳ್ಳಿಹಾಕುವಂತಿಲ್ಲ.

ಪರೀಕ್ಷೆಯ ಕೊಠಡಿಯಲ್ಲಿ

ಸಾರ್ವಜನಿಕ ಲಿಖಿತ ಪರೀಕ್ಷೆಗಳ ಬಗ್ಗೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವು 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಗಂಟೆಗೆ 20 ನಿಮಿಷಗಳಿಗೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯ ಕೊಡಬೇಕೆಂದು ಹೇಳಿತು. ಎಂದರೆ ಮೂರು ಗಂಟೆಯ ಪ್ರಶ್ನೆಪತ್ರಿಕೆಗೆ ನಾಲ್ಕು ಗಂಟೆ. ಇದನ್ನು ಕೆಲವರು ಉದಾರ ದಾನವೆಂದು ಭಾವಿಸುವುದುಂಟು. ಬೇರೊಬ್ಬರ ಕೈಯಿಂದ ಬರೆಸುವವನ ಕಷ್ಟವನ್ನು ನೋಡಿದರೆ ಆ ಭಾವನೆ ಉಳಿಯಲಾರದು. ಪ್ರಶ್ನೆಯನ್ನು ಓದಿಸಿಕೊಳ್ಳಬೇಕು, ಉತ್ತರವನ್ನು ಮನಸ್ಸಿನಲ್ಲಿಯೇ ಜೋಡಿಸಿ ನಿಧಾನವಾಗಿ ಹೇಳಬೇಕು, ಕಠಿಣ ಶಬ್ದ ಬಂದರೆ ಅಕ್ಷರ ಅಕ್ಷರವಾಗಿ ಬಿಡಿಸಬೇಕು, ಲೆಕ್ಕಶಾಸ್ತ್ರವಾದರೆ ಯಾವ ಅಂಕಿ ಯಾವ ಕಾಲಮಿನಲ್ಲಿ ಬರಬೇಕೆಂಬುದನ್ನೂ ಹೇಳಬೇಕು. ಆ ಹೆಚ್ಚಿನ ಒಂದು ಗಂಟೆ ಇದಕ್ಕೇ ಕಳೆದುಹೋಗುತ್ತದೆ.

ಇಂಗ್ಲಿಷಿನಲ್ಲಿ 'ಸ್ಕ್ರೈಬ್' ಎಂದೂ ಮಹಾರಾಷ್ಟ್ರದಲ್ಲಿ 'ಲೇಖನಿಕ' ಎಂದೂ ಕರೆಯುವ ಈ ಸಹಾಯಕನ ವಿದ್ಯಾರ್ಹತೆಯ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೂ ವ್ಯತ್ಯಾಸವುಂಟು. ಆದುದರಿಂದ ಆಯಾ ವರ್ಷದ ಸುತ್ತೋಲೆಯನ್ನು ಪರೀಕ್ಷಾ ವಿಭಾಗದಿಂದಲೇ ಪಡೆದು ಓದುವುದು ಕ್ಷೇಮ. ಸಹಾಯಕನಿಗೆ ಪರೀಕ್ಷೆಯ ಭಾಷೆ ಚೆನ್ನಾಗಿ ಬರಬೇಕು. ಮರಾಠಿ ಮಾಧ್ಯಮದ ಹುಡುಗನನ್ನು ಕೊನೆಯ ಗಳಿಗೆಯಲ್ಲಿ ಹಿಡಿದು ತಂದು ಇಂಗ್ಲಿಷ್ ಉತ್ತರ ಬರೆಸಿದರೆ ನಷ್ಟ ವಿದ್ಯಾರ್ಥಿಗೇ.

ಶೇಕಡಾ 40ಕ್ಕಿಂತ ಕಡಿಮೆ ವೈಕಲ್ಯವಿದ್ದವರ ಗತಿಯೇನು? ಬರೆಯಲು ಕೂತೊಡನೆ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಕೇಂದ್ರ ಲೋಕಸೇವಾ ಆಯೋಗದ ವಿರುದ್ಧ ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದರು. 2021ರ ಫೆಬ್ರವರಿಯಲ್ಲಿ ನೀಡಿದ ತೀರ್ಪಿನಲ್ಲಿ ನ್ಯಾಯಾಲಯವು ಶೇಕಡಾ 40ರ ಗೆರೆ ಮೀಸಲಾತಿಗೆ ಸಂಬಂಧಿಸಿದ್ದು, ಸಹಾಯಕನನ್ನು ನಿರಾಕರಿಸಲು ಅದು ಕಾರಣವಾಗಕೂಡದು ಎಂದಿತು. ಇದನ್ನನುಸರಿಸಿ ಅಂಥವರಿಗಾಗಿಯೇ 2022ರ ಆಗಸ್ಟ್‌ನಲ್ಲಿ ಬೇರೆ ಮಾರ್ಗಸೂಚಿ ಬಂದಿತು. 2025ರ ಫೆಬ್ರವರಿಯ ಇನ್ನೊಂದು ತೀರ್ಪು ಈ ಸೌಲಭ್ಯಗಳನ್ನು ಶೇಕಡಾವಾರಿನ ಭೇದವಿಲ್ಲದೆ ವಿಸ್ತರಿಸಬೇಕೆಂದು ಹೇಳಿತು.

ಆದರೆ ಕಾಗದದಲ್ಲಿ ಇದ್ದ ಮಾತ್ರಕ್ಕೆ ಹಕ್ಕು ಕೈಗೆ ಸಿಗುವುದಿಲ್ಲ. 2021ರ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ, ಬರವಣಿಗೆಯ ನ್ಯೂನತೆಯಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ಗಂಟೆಯ ಹೆಚ್ಚಿನ ಸಮಯ ಸಲ್ಲಬೇಕಾಗಿತ್ತು. ಅವಳ ಉತ್ತರಪತ್ರಿಕೆಯನ್ನು ಎಲ್ಲರ ಜೊತೆಗೇ ಕಸಿದುಕೊಳ್ಳಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವಳಿಗೆ ಅನ್ಯಾಯವಾದುದನ್ನು ಒಪ್ಪಿತಾದರೂ ಮರುಪರೀಕ್ಷೆ ನಡೆಸಲು ಆಜ್ಞಾಪಿಸಲಿಲ್ಲ. ಆದ ಅನ್ಯಾಯವನ್ನು ಸರಿಪಡಿಸುವ ಬಗೆಯನ್ನು ಪರಿಶೀಲಿಸಲು ಪರೀಕ್ಷಾ ಸಂಸ್ಥೆಗೆ ಸೂಚಿಸಿತು. ಇಲ್ಲಿ ಕಲಿಯಬೇಕಾದ ಪಾಠ ಒಂದೇ. ಅನುಮತಿ ಪತ್ರವನ್ನು ಮುಂಚಿತವಾಗಿ ಪಡೆಯಬೇಕು. ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೆ ಹಿಂದಿನ ದಿನವೇ ತೋರಿಸಬೇಕು. ಅದರ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡೇ ಒಳಗೆ ಹೋಗಬೇಕು.

ತರಗತಿಯಲ್ಲಿ, ಪುಸ್ತಕದಲ್ಲಿ

ಪರೀಕ್ಷೆ ವರ್ಷಕ್ಕೆ ಎರಡು ಬಾರಿ; ಪಾಠ ಪ್ರತಿನಿತ್ಯ. ಅಲ್ಲಿ ಬೇಕಾಗುವ ಅನುಕೂಲಗಳು ಬಹುಮಟ್ಟಿಗೆ ಖರ್ಚಿಲ್ಲದವು. ಗಾಲಿಕುರ್ಚಿಯ ವಿದ್ಯಾರ್ಥಿಯಿದ್ದರೆ ಆ ತರಗತಿಯನ್ನು ಮೂರನೆಯ ಮಹಡಿಯಿಂದ ನೆಲ ಅಂತಸ್ತಿಗೆ ತರುವುದು, ತುಟಿಚಲನೆ ನೋಡಿ ಗ್ರಹಿಸುವವನಿಗೆ ಮುಂದಿನ ಬೆಂಚು ಕೊಡುವುದು, ಅಧ್ಯಾಪಕರು ಕರಿಹಲಗೆಯ ಕಡೆ ಮುಖಮಾಡಿ ಮಾತನಾಡದಿರುವುದು, ಟಿಪ್ಪಣಿಗಳನ್ನು ಒಂದು ದಿನ ಮುಂಚೆ ಕೊಡುವುದು, ಪಾಠವನ್ನು ಧ್ವನಿಮುದ್ರಿಸಿಕೊಳ್ಳಲು ಬಿಡುವುದು ಇವೆಲ್ಲ ಅಂಥವೇ.

ದೃಷ್ಟಿಹೀನರಿಗೆ ಒಂದು ಕಾಲದಲ್ಲಿ ಪುಸ್ತಕವೇ ದೊಡ್ಡ ಅಡ್ಡಗೋಡೆಯಾಗಿತ್ತು. 2012ರಲ್ಲಿ ಆದ ತಿದ್ದುಪಡಿಯಿಂದ ಮುದ್ರಿತ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ಕೃತಿಸ್ವಾಮ್ಯ ಅಡ್ಡಿಯಾಗದಂತಾಯಿತು. ಇದೇ ಉದ್ದೇಶದ ಅಂತರರಾಷ್ಟ್ರೀಯ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತವೇ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ'ವೆಂಬ ಅಂತರ್ಜಾಲ ಗ್ರಂಥಾಲಯ ತೆರೆಯಿತು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ 2003ರಿಂದ ದೃಷ್ಟಿ ತೊಂದರೆಯವರಿಗಾಗಿ ಸಂಪನ್ಮೂಲ ಕೇಂದ್ರವೊಂದು ನಡೆಯುತ್ತಿದೆ. ಕಂಪ್ಯೂಟರು ಓದಿ ಹೇಳುವ ಪಠ್ಯವನ್ನು ಕಿವಿಯಿಂದ ಕೇಳಿ ಪದವೀಧರರಾಗುವವರು ಇಂದು ವಿರಳವಲ್ಲ.

ಮನೆಯ ಶುಶ್ರೂಷೆ ಮತ್ತು ಹಾಜರಿಯ ಲೆಕ್ಕ

ಇನ್ನು ಎರಡನೆಯ ಬಗೆಯವರ ಮಾತು. ಡೊಂಬಿವಲಿಯಲ್ಲಿ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಬಹುದು. ತಂದೆ ಹೋಟೆಲಿನ ಗಲ್ಲೆಯಲ್ಲಿ. ರಜೆ ಹಾಕಿದರೆ ಸಂಬಳ ಕಡಿತ. ತಾಯಿಯ ಎರಡೂ ಮೂತ್ರಪಿಂಡಗಳು ಕೆಟ್ಟು ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗಬೇಕು. ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಅದು ಮುಗಿದಾಗ ರಕ್ತದೊತ್ತಡ ಇಳಿದು ಕಾಲು ತಡವರಿಸುವುದುಂಟು. ಒಬ್ಬಳೇ ರಿಕ್ಷಾ ಹತ್ತಿ ಬರುವಂತಿಲ್ಲ. ಜೊತೆಗೆ ಹೋಗುವವಳು ಎರಡನೆಯ ವರ್ಷದ ಬಿ.ಕಾಂ. ಓದುತ್ತಿರುವ ಮಗಳು.

ಅವಳ ಲೆಕ್ಕವನ್ನು ಹಾಕಿ ನೋಡಬೇಕು. ವಾರಕ್ಕೆ ಆರು ದಿನದಂತೆ ಹದಿನೈದು ವಾರಗಳ ಸೆಮಿಸ್ಟರಿನಲ್ಲಿ 90 ದಿನಗಳು. ಸಾಮಾನ್ಯವಾಗಿ ಬೇಕಾಗುವ ಶೇಕಡಾ 75 ಹಾಜರಿಗೆ 68 ದಿನ ಹೋಗಬೇಕು. ತಪ್ಪಿಸಬಹುದಾದುದು 22 ದಿನ. ಅವಳು ತಪ್ಪಿಸಿಕೊಳ್ಳುವುದು 30 ದಿನ. ಹಾಜರಿ ಶೇಕಡಾ 67ಕ್ಕೂ ಕಡಿಮೆ. ಪರೀಕ್ಷೆಗೆ ಕೂರಲು ಅನುಮತಿಯಿಲ್ಲದವರ ಪಟ್ಟಿಯಲ್ಲಿ ಅವಳ ಹೆಸರು ಸೂಚನಾ ಫಲಕಕ್ಕೆ ಬರುತ್ತದೆ. ಹಾಜರಿಯ ಕೊರತೆಯನ್ನು ಮನ್ನಿಸುವ ಅಧಿಕಾರ ಕಾಲೇಜಿಗೆ ಇರುವುದುಂಟು. ಆದರೆ ಅದು ಸಾಮಾನ್ಯವಾಗಿ ವಿದ್ಯಾರ್ಥಿಯ ಸ್ವಂತ ಕಾಯಿಲೆಯನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡದ್ದು. 'ನಿನಗೇನಾಗಿದೆ?' ಎಂದು ಕೇಳಿದರೆ ಅವಳ ಬಳಿ ಉತ್ತರವಿಲ್ಲ.

ವಾಸ್ತವದಲ್ಲಿ ಇದು 30 ದಿನಗಳ ಪ್ರಶ್ನೆಯಲ್ಲ. 30ಕ್ಕೂ 22ಕ್ಕೂ ನಡುವಣ ಎಂಟು ದಿನಗಳ ಪ್ರಶ್ನೆ. ಅನೇಕ ಡಯಾಲಿಸಿಸ್ ಕೇಂದ್ರಗಳು ದಿನಕ್ಕೆ ಎರಡು ಮೂರು ಪಾಳಿಗಳಲ್ಲಿ ನಡೆಯುತ್ತವೆ. ಅವಳ ತರಗತಿ ಬೆಳಗಿನದಾಗಿದ್ದು ತಾಯಿಗೆ ಮಧ್ಯಾಹ್ನದ ಪಾಳಿ ದೊರೆತರೆ ಒಂದು ದಿನವೂ ತಪ್ಪುವುದಿಲ್ಲ. ಪಾಳಿ ಬದಲಾಗದಿದ್ದರೆ ಕಾಲೇಜಿನಲ್ಲಿ ಬೇರೆ ವೇಳೆಯ ವಿಭಾಗಕ್ಕೆ ಅವಳನ್ನು ವರ್ಗಾಯಿಸಬಹುದು. ಎರಡೂ ಆಗದಿದ್ದರೆ, ಹದಿನೈದು ವಾರಗಳಲ್ಲಿ ಎಂಟು ದಿನ ತಾಯಿಯ ಜೊತೆಗೆ ಹೋಗುವ ಬೇರೊಬ್ಬರು ಬೇಕು. ಇಷ್ಟರಿಂದ ಅವಳ ವರ್ಷ ಉಳಿಯುತ್ತದೆ. ಯಾರೂ ಲೆಕ್ಕ ಹಾಕಲಿಲ್ಲವೆಂಬ ಒಂದೇ ಕಾರಣಕ್ಕೆ ಓದು ನಿಂತುಹೋದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಇಂಥ ವಿದ್ಯಾರ್ಥಿಗೆ 'ಕೇರರ್ ಪಾಸ್‌ಪೋರ್ಟ್' ಎಂಬ ಒಂದು ಪತ್ರವನ್ನು ಕೊಡುತ್ತವೆ. ಒಮ್ಮೆ ಪರಿಸ್ಥಿತಿಯನ್ನು ವಿವರಿಸಿ ಅದನ್ನು ಪಡೆದರೆ ಪ್ರತಿಯೊಬ್ಬ ಅಧ್ಯಾಪಕರ ಮುಂದೆಯೂ ಮನೆಯ ಕಷ್ಟವನ್ನು ಮತ್ತೆ ಮತ್ತೆ ಹೇಳಿಕೊಳ್ಳಬೇಕಾಗಿಲ್ಲ. ಭಾರತದಲ್ಲಿ ತಾಯಂದಿರ ವಿಷಯದಲ್ಲಿ ಕೊಂಚ ಪ್ರಗತಿಯಾಗಿದೆ. ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ ಮತ್ತು ಹಾಜರಿಯ ಸಡಿಲಿಕೆಗೆ ನಿಯಮ ಮಾಡುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆಯಿತು. ಆಯೋಗದ 2022ರ ಪಿಎಚ್.ಡಿ. ನಿಯಮಾವಳಿಯು ಸಂಶೋಧನಾ ವಿದ್ಯಾರ್ಥಿನಿಯರಿಗೆ ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆಯನ್ನೂ, ಮಹಿಳೆಯರಿಗೆ ಹಾಗೂ ಶೇಕಡಾ 40ಕ್ಕಿಂತ ಹೆಚ್ಚು ವೈಕಲ್ಯವುಳ್ಳವರಿಗೆ ಪ್ರಬಂಧ ಮುಗಿಸಲು ಎರಡು ವರ್ಷಗಳ ಹೆಚ್ಚಿನ ಅವಧಿಯನ್ನೂ ಒದಗಿಸಿತು.

ನಿತ್ಯ ಕಾಲೇಜಿಗೆ ಹೋಗುವುದು ಅಸಾಧ್ಯವೇ ಆದರೆ ಮುಕ್ತ ವಿಶ್ವವಿದ್ಯಾಲಯಗಳ ದಾರಿಯಿದೆ. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಆರಂಭವಾಯಿತು. ಅದು ಇಂದು ಅಂಬೇಡ್ಕರರ ಹೆಸರಿನಲ್ಲಿದೆ. 1985ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, 1989ರಲ್ಲಿ ನಾಸಿಕದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾಲಯ, 1996ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸ್ಥಾಪಿತವಾದವು. ಅಲ್ಲದೆ 2021ರಲ್ಲಿ ಆರಂಭವಾದ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನಲ್ಲಿ, ಅದಕ್ಕೆ ಸೇರಿದ ಸಂಸ್ಥೆಗಳ ವಿದ್ಯಾರ್ಥಿಗಳು ಗಳಿಸಿದ ಕ್ರೆಡಿಟ್ಟುಗಳು ಠೇವಣಿಯಂತೆ ಜಮೆಯಾಗಿರುತ್ತವೆ. ಅನಿವಾರ್ಯವಾಗಿ ಓದು ನಿಲ್ಲಿಸಿದವರು ಮರಳಿ ಬಂದು ಮುಂದುವರಿಸಬಹುದು. ಶಿಕ್ಷಣ ಸಾಲ ಪಡೆದವರು ಮಾತ್ರ ಬಿಡುವು ತೆಗೆದುಕೊಳ್ಳುವ ಮುನ್ನ ಕಾಲೇಜಿನ ಪತ್ರದೊಡನೆ ಬ್ಯಾಂಕಿನ ಶಾಖೆಗೂ ಲಿಖಿತವಾಗಿ ತಿಳಿಸಬೇಕು. ಮರುಪಾವತಿ ಆರಂಭವಾಗುವ ದಿನ ವ್ಯಾಸಂಗ ಮುಗಿಯುವ ದಿನವನ್ನು ಅವಲಂಬಿಸಿರುವುದರಿಂದ ಮೌನವಾಗಿದ್ದರೆ ಕಂತು ಬಾಕಿಯಾದೀತು.

ಅರ್ಜಿ ಹೇಗಿರಬೇಕು

ಸೌಲಭ್ಯ ಸಿಗದಿರುವುದಕ್ಕೆ ಕಾಲೇಜಿನ ಕಠೋರತೆಯೇ ಯಾವಾಗಲೂ ಕಾರಣವಲ್ಲ; ಅನೇಕ ವೇಳೆ ಕೇಳಿದ್ದು ತಡವಾಗಿರುತ್ತದೆ, ಅಥವಾ ಬಾಯಿಮಾತಿನಲ್ಲಿ ಉಳಿದಿರುತ್ತದೆ. ಆದುದರಿಂದ:

1. ವೈಕಲ್ಯವಿದ್ದವರು ಕಾಲೇಜು ಸೇರುವ ಮುನ್ನವೇ ಪ್ರಮಾಣಪತ್ರವನ್ನೂ ಕೇಂದ್ರ ಸರಕಾರದ ಯುಡಿಐಡಿ ಗುರುತುಚೀಟಿಯನ್ನೂ ಪಡೆದಿರಬೇಕು.

2. ಸೆಮಿಸ್ಟರಿನ ಮೊದಲ ವಾರಗಳಲ್ಲಿಯೇ ಪ್ರಾಂಶುಪಾಲರಿಗೆ ಅರ್ಜಿ ಕೊಡಬೇಕು. ಹಾಜರಿಯ ಪಟ್ಟಿ ಫಲಕಕ್ಕೆ ಬಿದ್ದ ಮೇಲೆ ಕೊಟ್ಟ ಅರ್ಜಿ ನೆಪದಂತೆ ಕಾಣುತ್ತದೆ.

3. 'ದಯವಿಟ್ಟು ಸಹಾಯ ಮಾಡಿ' ಎಂದಷ್ಟೇ ಬರೆಯಬಾರದು. ಏನು ಬೇಕೆಂಬುದನ್ನು ಖಚಿತವಾಗಿ ಹೇಳಬೇಕು: 'ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ವಿಭಾಗದಲ್ಲಿ ಕೂರಲು ಅನುಮತಿ', 'ಪ್ರಬಂಧ ಒಪ್ಪಿಸಲು ಹತ್ತು ದಿನಗಳ ಗಡುವು', 'ಪರೀಕ್ಷೆಗೆ ನೆಲ ಅಂತಸ್ತಿನ ಕೊಠಡಿ' ಎಂಬಂತೆ.

4. ಮನೆಯವರ ಆರೈಕೆಯ ಕಾರಣವಿದ್ದರೆ ಆಸ್ಪತ್ರೆಯ ಪತ್ರದಲ್ಲಿ ರೋಗದ ಹೆಸರಿಗಿಂತ ಮುಖ್ಯವಾಗಿ ವಾರ, ವೇಳೆ ಮತ್ತು ಜೊತೆಗಾರರ ಅಗತ್ಯ ನಮೂದಾಗಿರಬೇಕು.

5. ಅರ್ಜಿಯ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಜೋಪಾನವಾಗಿಡಬೇಕು.

6. ಅಂಗವೈಕಲ್ಯದ ಸೌಲಭ್ಯ ನಿರಾಕರಿಸಲ್ಪಟ್ಟರೆ ಮೊದಲು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ, ಬಳಿಕ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಮಹಾರಾಷ್ಟ್ರದ ಆಯುಕ್ತರ ಕಚೇರಿ ಪುಣೆಯಲ್ಲಿದೆ.

ಆರೈಕೆ ಮಾಡುವವರ ಆರೋಗ್ಯ

ರೋಗಿಯ ಔಷಧದ ವೇಳೆಯನ್ನು ತಪ್ಪದೆ ಪಾಲಿಸುವ ಮಗಳು ತನ್ನ ಊಟದ ವೇಳೆಯನ್ನು ಮರೆಯುತ್ತಾಳೆ. ರಾತ್ರಿ ಎರಡು ಮೂರು ಬಾರಿ ಏಳುವವರಿಗೆ ಹಗಲಿನಲ್ಲಿ ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ನಿದ್ದೆಯೇ ಸ್ಮರಣಶಕ್ತಿಯ ಅಡಿಗಲ್ಲು. ಹಾಸಿಗೆ ಹಿಡಿದವರನ್ನು ಸೊಂಟ ಬಗ್ಗಿಸಿ ಎತ್ತುವುದರಿಂದ ಬೆನ್ನುನೋವು ಬರುತ್ತದೆ; ಮೊಣಕಾಲು ಮಡಿಸಿ, ರೋಗಿಯನ್ನು ಮೈಗೆ ಹತ್ತಿರ ಹಿಡಿದು ಎತ್ತುವ ಕ್ರಮವನ್ನು ಆಸ್ಪತ್ರೆಯ ದಾದಿಯರಿಂದಲೋ ಫಿಸಿಯೋಥೆರಪಿಸ್ಟರಿಂದಲೋ ಕಲಿಯಬೇಕು. ವಾರದಲ್ಲಿ ಒಂದು ಪೂರ್ಣ ರಾತ್ರಿಯ ನಿದ್ದೆಯಾದರೂ ಅವರಿಗೆ ದೊರೆಯುವಂತೆ ಮನೆಯವರು ಸರದಿ ಹಾಕಿಕೊಳ್ಳಬೇಕು.

ಸಿಡುಕು, ಕಾರಣವಿಲ್ಲದ ಅಳು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು ಎರಡು ವಾರಗಳಿಗೂ ಮೀರಿ ಉಳಿದರೆ ಅದನ್ನು ಸ್ವಭಾವದ ದೋಷವೆಂದು ಜರೆಯದೆ ವೈದ್ಯರಿಗೆ ತೋರಿಸಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ-ಮಾನಸ್' ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಶುಲ್ಕವಿಲ್ಲದೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ದುಃಖವನ್ನು ತಾಯ್ನುಡಿಯಲ್ಲಿ ಹೇಳಿಕೊಂಡರೆ ಅರ್ಧ ಭಾರ ಇಳಿಯುತ್ತದೆಂಬುದು ಪರನಾಡಿನಲ್ಲಿರುವವರಿಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ.

ಸಂಘಗಳು ಮಾಡಬಹುದಾದ ಕೆಲಸ

ಹೊರನಾಡಿನ ಕನ್ನಡ ಸಂಘಗಳು ಪ್ರತಿವರ್ಷ ಶೇಕಡಾ 90 ಅಂಕ ಗಳಿಸಿದ ಮಕ್ಕಳಿಗೆ ಶಾಲು ಹೊದಿಸಿ ಗೌರವಿಸುತ್ತವೆ. ಅದು ಯೋಗ್ಯವೇ. ತಾಯಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಓದಿ ಶೇಕಡಾ 55 ಗಳಿಸಿದವಳ ಹೆಸರು ಯಾವ ಪಟ್ಟಿಗೂ ಬರುವುದಿಲ್ಲ. ಅವಳಿಗೆ ಶಾಲಿಗಿಂತ ಬೇಕಾದುದು ಎಂಟು ದಿನಗಳ ಜೊತೆಗಾರರು. ನಿವೃತ್ತರಾದ ಹಿರಿಯರು, ಹಗಲಿನಲ್ಲಿ ಬಿಡುವಿರುವ ಗೃಹಿಣಿಯರು ಹತ್ತು ಮಂದಿ ಹೆಸರು ಕೊಟ್ಟರೆ ಸಾಕು. ಒಬ್ಬೊಬ್ಬರ ಪಾಲಿಗೆ ಸೆಮಿಸ್ಟರಿಗೆ ಒಂದು ದಿನವೂ ಪೂರ್ತಿ ಬರಲಾರದು. ಇಂಗ್ಲಿಷ್ ಚೆನ್ನಾಗಿ ಬಲ್ಲ ಕಿರಿಯ ವಿದ್ಯಾರ್ಥಿಗಳ ಹೆಸರುಗಳನ್ನು ಸಂಗ್ರಹಿಸಿಟ್ಟರೆ, ಬರೆದುಕೊಡುವ ಸಹಾಯಕ ಬೇಕಾದವರು ಪರೀಕ್ಷೆಯ ಮುನ್ನಾದಿನ ಬೀದಿ ಬೀದಿ ಅಲೆಯಬೇಕಾಗಿಲ್ಲ.

ಹಿಂದೊಮ್ಮೆ, ಹಗಲು ದುಡಿಯುವ ಹುಡುಗರಿಗಾಗಿ ರಾತ್ರಿಯಲ್ಲಿ ಶಾಲೆಯ ದೀಪ ಹಚ್ಚಿದವರು ಶ್ರೀಮಂತರೇ ಆಗಿರಲಿಲ್ಲ. ಆ ಹುಡುಗರ ದಿನಚರಿಯನ್ನು ಬಲ್ಲವರಾಗಿದ್ದರು. ಇಂದಿನ ವಿದ್ಯಾರ್ಥಿಗಳ ದಿನಚರಿಯನ್ನು ಅಷ್ಟೇ ಹತ್ತಿರದಿಂದ ಬಲ್ಲವರು ಇದ್ದಲ್ಲಿ, ಎಂಟು ದಿನಗಳ ಕೊರತೆಗಾಗಿ ಯಾರ ಓದೂ ನಿಲ್ಲಬೇಕಾಗುವುದಿಲ್ಲ.